ಕಿವಿ ಅಗಲಿಸಿದ ಆನೆ

ಅಮ್ಮತ್ತಿಯ ಕಣದಲ್ಲಿ ಜನವರಿಯ ರಾತ್ರಿ.
ಕಾಫಿಗೆ ಹೊದಿಸಲು ಟಾರ್ಪಾಲು,
ನಮಗೆ ಗೋಣಿ.
ಕಳ್ಳರು ಬಾರದಂತೆ ಎಚ್ಚರವಿರಬೇಕು,
ಎಚ್ಚರವಿರಲು ಏನಾದರೂ ಬೇಕು.

ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದ ದೇಚಮ್ಮ
ತನ್ನ ಮೂರು ಚೀಲಕ್ಕೆ ತಾನೇ ಕಾವಲು ಬಂದವಳು,
ಸ್ವೆಟರಿನ ಜೇಬಿಂದ ಇಸ್ಪೀಟು ಕಟ್ಟು ತೆಗೆದಳು.
'ರಮ್ಮಿ ಬೇಡ, ಅದು ಮದುವೆ ಮನೆಯ ಆಟ.
ಅಂಬಾಲದಲ್ಲಿ ಕಾಲು ಮುರಿದ ಕ್ಯಾಪ್ಟನೊಬ್ಬ
ಪೋಕರ್ ಕಲಿಸಿದ್ದ. ಕೂತ್ಕೊಳ್ಳಿ.'

ದುಡ್ಡಿಲ್ಲ, ಕಾಫಿಯೇ ದುಡ್ಡು.
ಒಣಗಿದ ರೋಬಸ್ಟಾ ಒಂದು ರೂಪಾಯಿ,
ಅರೇಬಿಕಾ ಪಾರ್ಚ್‌ಮೆಂಟ್ ಐದು,
ಪೀಬೆರಿ ಇಪ್ಪತ್ತೈದು (ಅದು ಅವಳ ಕರ್ಚೀಫಿನ ಗಂಟಿನಿಂದ ಬಂತು,
ಎಣಿಸಿ ಕೊಟ್ಟು ಎಣಿಸಿ ತಗೊಂಡಳು).

'ಕೈಗೆ ಎರಡೆಲೆ. ಯಾರಿಗೂ ತೋರಿಸಬೇಡ, ಗಂಡನಿಗೂ.
ನೆಲಕ್ಕೆ ಐದು, ಅವು ಎಲ್ಲರವು.
ಮೊದಲು ಮೂರು, ಆಮೇಲೆ ಒಂದು, ಕೊನೆಗೊಂದು.
ಪ್ರತಿ ಸಲ ನಿಂತು ಕೇಳಿಕೋ: ಹಾಕಲೋ, ಬಿಡಲೋ.'
ಜೋಡಿಗಿಂತ ಎರಡು ಜೋಡಿ ದೊಡ್ಡದು,
ಅದಕ್ಕಿಂತ ಮೂರು ರಾಣಿಯರು,
ಅದಕ್ಕಿಂತ ಸಾಲಾಗಿ ಬಂದ ಐದು,
ಒಂದೇ ಜಾತಿಯ ಐದು ಅದಕ್ಕೂ ಮೇಲು.
'ಇಲ್ಲೂ ಜಾತಿಯಾ?' ಅಂದ ಲಾರಿಯ ಮೊಯ್ದು,
ಆಟೀನು ಎಕ್ಕವನ್ನು ಬೀಡಿಯ ಹಾಗೆ ಮರೆಮಾಡಿ.

ಮೊದಲ ರಾತ್ರಿ ನಾನು ಎಲ್ಲದಕ್ಕೂ ಹಾಕಿದೆ,
ಹತ್ತು ಗಂಟೆಗೇ ಬರಿಗೈ.
'ಬಂದ ಬಸ್ಸನ್ನೆಲ್ಲ ಹತ್ತಿದರೆ
ಗೋಣಿಕೊಪ್ಪ ಮುಟ್ಟುತ್ತೀಯಾ ಕುಂಞಿ?
ಬಿಡುವುದು ಕಲಿ. ಹತ್ತರಲ್ಲಿ ಏಳು ಸಲ ಬಿಡು.'
ಬಿಡುವುದು ಗೊತ್ತಿತ್ತು ನನಗೆ.
ಬಿಟ್ಟು ಸುಮ್ಮನೆ ನೋಡುತ್ತ ಕೂರುವುದು
ಗೊತ್ತಿರಲಿಲ್ಲ.

ನೋಡುತ್ತ ಕೂತರೆ ಕಾಣುತ್ತದೆ:
ಒಳ್ಳೆ ಎಲೆ ಬಂದಾಗ ಹೊನ್ನಪ್ಪ ಬೆಂಕಿ ಕೆದಕುತ್ತಾನೆ,
ಮೊಯ್ದುವಿನ ಗುನುಗು ನಿಲ್ಲುತ್ತದೆ.
'ನಿನ್ನದು ಕಾಲ್ಬೆರಳು,' ಅಂದಳು ದೇಚಮ್ಮ.
'ಇಪ್ಪತ್ತೆಂಟು ವರ್ಷ ವಾರ್ಡಿನಲ್ಲಿದ್ದೆ.
ನೋವಿಲ್ಲ ಸಿಸ್ಟರ್ ಅನ್ನುವವನ ಮುಖ ನೋಡಬಾರದು,
ಕೈ ಹಾಸಿಗೆಯನ್ನು ಹಿಡಿದಿದೆಯಾ ನೋಡಬೇಕು.'

ಮೂರನೆಯ ರಾತ್ರಿ ಬೇಲಿ ಮುರಿದ ಸದ್ದು.
ಒಂಟಿ. ಕಣದ ಅಂಚಿಗೇ ಬಂದು ನಿಂತಿತ್ತು.
ಹೊನ್ನಪ್ಪ ಪಲ್ಪರ್ ಮನೆಯ ಹಿಂದೆ, ಮೊಯ್ದು ಲಾರಿಯೊಳಗೆ.
ನನ್ನ ಕಾಲು ನನ್ನದಾಗಿರಲಿಲ್ಲ.
'ಕಿವಿ ಅಗಲಿಸಿದ್ದಾನೆ, ನೋಡು.
ಅವನ ಕೈಯಲ್ಲಿ ಏನಿಲ್ಲ. ಕೂತಿರು.'
ಹತ್ತು ಹೆಜ್ಜೆ ನುಗ್ಗಿತು, ಧೂಳೆಬ್ಬಿಸಿತು, ನಿಂತಿತು,
ಏನೋ ಮರೆತವರ ಹಾಗೆ ತಿರುಗಿ ಹೋಯಿತು.
'ಕಿವಿ ಹಿಂದಕ್ಕೊತ್ತಿ, ಸೊಂಡಿಲು ಮಡಚಿ,
ಸದ್ದಿಲ್ಲದೆ ಬರುತ್ತಾನಲ್ಲ, ಅವನ ಹತ್ತಿರ ಎಕ್ಕ ಇರುತ್ತದೆ.
ಆಗ ಎಲೆ ಬಿಸಾಕಿ ಓಡು.'

ಆಮೇಲೆ ಎಲೆ ಹಂಚುವಾಗ ಅವಳ ಕೈ ನಡುಗುತ್ತಿತ್ತು.
ನಾನು ನೋಡಿದೆ.
ನೋಡಿದೆ ಅಂತ ತೋರಿಸಲಿಲ್ಲ.

ಆ ರಾತ್ರಿ ಏಳು, ಎರಡು ಹಿಡಿದು,
ಇಸ್ಪೀಟಿನದೊಂದು ಕಳಾವರದೊಂದು,
ಯಾವುದಕ್ಕೂ ಸೇರದ ಎರಡು ಹಿಡಿದು
ನಾನೂರ ಮೂವತ್ತು ಗೆದ್ದೆ.
ಬೆಳಗ್ಗೆ ಪೀಬೆರಿ ಅವಳ ಗಂಟಿಗೆ,
ಉಳಿದದ್ದನ್ನು ಕುಂಟೆಯಿಂದ ಎಳೆದು
ಸಾಹುಕಾರರ ರಾಶಿಗೆ ಸೇರಿಸಿದೆ.

ರೈಟರ್ ಬಂದರು. ಸೈಕಲ್ ಸ್ಟ್ಯಾಂಡು, ಲೆಡ್ಜರು, ಕೆಮ್ಮು.
'ಏನು ಸುಶೀಲ?'
'ತಿಂಗಳ ರಾತ್ರಿ ಪಾಳಿಯ ದುಡ್ಡು ಬಂದಿಲ್ಲ.
ಪಾಲಿಬೆಟ್ಟದವರು ಕರೆದಿದ್ದಾರೆ,
ನಾಳೆಯಿಂದ ಅಲ್ಲಿಗೆ.'
ಯಾರೂ ಕರೆದಿರಲಿಲ್ಲ.
ಚಪ್ಪಲಿಯೊಳಗೆ ಕಾಲ್ಬೆರಳನ್ನು ಒತ್ತಿ ಹಿಡಿದೆ.
ಕಾವಲಿಗೆ ಬೇರೆ ಜನ ಸಿಗುತ್ತಾರೆ ಅಂದರು ಅವರು,
ಲೆಡ್ಜರು ನೋಡುತ್ತ.
ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು,
ಮತ್ತೆ ತೆಗೆದರು.

ಅಲ್ಲಿ ಚೀಲ ಹೊಲಿಯುತ್ತಿದ್ದ ದೇಚಮ್ಮ
ತಲೆಯೆತ್ತಲಿಲ್ಲ.
ನಾನು ಕಿವಿ ಅಗಲಿಸಿ
ನಿಂತೇ ಇದ್ದೆ.